ಆಯುಷ್ಮಾನ್ ಕಾರ್ಡ್ ವೆಬ್‌ಸೈಟ್ ಲಾಗಿನ್ ಆಗ್ತಿಲ್ವಾ? ಒಟಿಪಿ, ಪಾಸ್‌ವರ್ಡ್ ತೊಂದರೆಗಳಿಗೆ ಇಲ್ಲಿದೆ ಪರಿಹಾರ

ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ನೋಡಿ, "ಹಾರ್ಟ್ ತೊಂದರೆ ಇದೆ, ಜಯದೇವಕ್ಕೆ ಕರ್ಕೊಂಡು ಹೋಗಿ" ಅಂತ ಬರೆದುಕೊಟ್ಟರೆ ಮನೆಯವರು ಮೊದಲು ಹುಡುಕುವುದು ದುಡ್ಡು, ಆಮೇಲೆ ಹುಡುಕುವುದು ಆಯುಷ್ಮಾನ್ ಕಾರ್ಡ್. ಎಷ್ಟೋ ಮನೆಗಳಲ್ಲಿ ಕಾರ್ಡ್ ಮಾಡಿಸಿರುವುದೇ ಇಲ್ಲ. ಆಂಬುಲೆನ್ಸ್ ಹೊರಡುವ ಹೊತ್ತಿಗೆ ಮಗನೋ ಅಳಿಯನೋ ಮೊಬೈಲ್ ತೆಗೆದು ವೆಬ್‌ಸೈಟ್ ತೆರೆಯುತ್ತಾರೆ. ನಂಬರ್ ಹಾಕಿದರೆ ಒಟಿಪಿ ಬರಲ್ಲ. ಬಂದರೆ ತಪ್ಪು ಅನ್ನುತ್ತದೆ. ಪಾಸ್‌ವರ್ಡ್ ಯಾವುದು ಅಂತ ಯಾರಿಗೂ ಗೊತ್ತಿರಲ್ಲ.

ಈ ತೊಂದರೆಗಳಲ್ಲಿ ಹೆಚ್ಚಿನವು ವೆಬ್‌ಸೈಟ್ ಕೆಟ್ಟು ಬರುವುದಲ್ಲ. ಯಾವ ಬಾಗಿಲಿಗೆ ಯಾವ ಕೀಲಿ ಅಂತ ತಿಳಿಯದೆ ಬರುತ್ತವೆ. ಆರಾಮಾಗಿರುವ ಒಂದು ದಿನ ಅರ್ಧ ಗಂಟೆ ಕೂತು ಸರಿಮಾಡಿಕೊಂಡರೆ ಆಸ್ಪತ್ರೆ ಬಾಗಿಲಲ್ಲಿ ಪರದಾಡುವುದು ತಪ್ಪುತ್ತದೆ.

ಮೊದಲು ತಿಳಿಯಬೇಕಾದ್ದು: ಯಾವ ಯೋಜನೆ, ಎಷ್ಟು ಹಣ

ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ 2018ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಆರೋಗ್ಯ ಕರ್ನಾಟಕ ಬಂದಿತ್ತು. ಅಕ್ಟೋಬರ್ ಕೊನೆಯಲ್ಲಿ ಎರಡನ್ನೂ ಸೇರಿಸಿ ಒಂದೇ ಯೋಜನೆ ಮಾಡಲಾಯಿತು. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

ಬಿಪಿಎಲ್ ರೇಷನ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ ರೂಪಾಯಿ. ಈ ಮಿತಿ ಇಡೀ ಕುಟುಂಬಕ್ಕೆ ಸೇರಿದ್ದು, ಆದರೆ ಕಾರ್ಡ್ ಮಾತ್ರ ಒಬ್ಬೊಬ್ಬರಿಗೂ ಬೇರೆ ಬೇರೆ. ಮನೆ ಯಜಮಾನರದ್ದು ಮಾಡಿಸಿಬಿಟ್ಟರೆ ಎಲ್ಲರದ್ದೂ ಆಯ್ತು ಅಂದುಕೊಳ್ಳುವಂತಿಲ್ಲ.

ಇಲ್ಲಿ ಪಾಸ್‌ವರ್ಡ್ ಅನ್ನುವುದೇ ಇಲ್ಲ

ಸೈಬರ್ ಸೆಂಟರ್‌ಗಳಲ್ಲಿ ಆಗಾಗ ಕೇಳಿಬರುವ ಮಾತು: "ಅಣ್ಣಾ, ಆಯುಷ್ಮಾನ್ ಪಾಸ್‌ವರ್ಡ್ ಮರೆತುಹೋಗಿದೆ, ಹೊಸದು ಮಾಡ್ಕೊಡಿ." ಸಾರ್ವಜನಿಕರು ಕಾರ್ಡ್ ಮಾಡಿಕೊಳ್ಳುವ ಪೋರ್ಟಲ್‌ಗೆ ಪಾಸ್‌ವರ್ಡ್ ಇಲ್ಲ. ಬೆನಿಫಿಷಿಯರಿ ಡಾಟ್ ಎನ್‌ಎಚ್‌ಎ ಡಾಟ್ ಗವ್ ಡಾಟ್ ಇನ್ ಅನ್ನುವುದು ಅದರ ವಿಳಾಸ. ಮೊಬೈಲ್‌ನಲ್ಲಾದರೆ ಆಯುಷ್ಮಾನ್ ಆ್ಯಪ್. ಎರಡಕ್ಕೂ ಮೊಬೈಲ್ ನಂಬರ್ ಮತ್ತು ಅದಕ್ಕೆ ಬರುವ ಒಟಿಪಿ ಸಾಕು. ಪ್ರತಿ ಸಲ ಹೊಸ ಒಟಿಪಿ ಬರುತ್ತದೆ, ನೆನಪಿಟ್ಟುಕೊಳ್ಳುವ ಗೋಜಿಲ್ಲ.

ಹಾಗಾದರೆ ಜನ ಹೇಳುವ ಪಾಸ್‌ವರ್ಡ್ ಯಾವುದು? ಸಾಮಾನ್ಯವಾಗಿ ಈ ಮೂರರಲ್ಲಿ ಒಂದಾಗಿರುತ್ತದೆ:

• ಸೇವಾ ಸಿಂಧು ಪಾಸ್‌ವರ್ಡ್. ಹಿಂದೆ ಆರೋಗ್ಯ ಕರ್ನಾಟಕ ಕಾರ್ಡ್‌ಗೆ ಅರ್ಜಿ ಹಾಕುತ್ತಿದ್ದುದು ಅಲ್ಲೇ ಆದ್ದರಿಂದ ಹಲವರು ಅದನ್ನು ಬರೆದಿಟ್ಟುಕೊಂಡಿದ್ದಾರೆ. ಅದು ಈ ಪೋರ್ಟಲ್‌ನಲ್ಲಿ ನಡೆಯಲ್ಲ.

• ಆಭಾ ಪಾಸ್‌ವರ್ಡ್. ಆಭಾ ಅನ್ನುವುದು 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ. ಡಾಕ್ಟರ್ ಚೀಟಿ, ಲ್ಯಾಬ್ ರಿಪೋರ್ಟುಗಳನ್ನು ಒಂದೆಡೆ ಜೋಡಿಸಲು ಇರುವಂಥದ್ದು. ಅದು ವಿಮೆಯಲ್ಲ. ಆಭಾ ಕಾರ್ಡ್ ತೋರಿಸಿದ ಮಾತ್ರಕ್ಕೆ ಬಿಲ್ ಮನ್ನಾ ಆಗಲ್ಲ. ಎರಡೂ ಕಾರ್ಡ್‌ಗಳ ಹೆಸರು ಹತ್ತಿರ ಹತ್ತಿರ ಇರುವುದರಿಂದ ಆಭಾ ಮಾಡಿಸಿಕೊಂಡು "ನಮ್ಮದು ಆಯುಷ್ಮಾನ್ ಆಗಿದೆ" ಅಂತ ಸುಮ್ಮನಿರುವವರು ಬಹಳ. ಆಭಾ ಪಾಸ್‌ವರ್ಡ್ ಮರೆತಿದ್ದರೂ ಚಿಂತೆ ಇಲ್ಲ, ಒಟಿಪಿ ಮೂಲಕ ಒಳಹೋಗಬಹುದು.

• ಇಎಸ್‌ಐ ಪಾಸ್‌ವರ್ಡ್. ಅಂಗಡಿ, ಗಾರ್ಮೆಂಟ್ಸ್, ಫ್ಯಾಕ್ಟರಿ ನೌಕರರ ವಿಮೆ ಇದು. ಇಲ್ಲಿ ನಿಜವಾಗಿಯೂ ಪಾಸ್‌ವರ್ಡ್ ಇದೆ. ಅದರ ವಿಷಯ ಕೊನೆಯಲ್ಲಿದೆ.

ಬಾಗಿಲು ತಪ್ಪುವ ಜಾಗ

ಪೋರ್ಟಲ್ ತೆರೆದ ಕೂಡಲೇ ಎರಡು ಆಯ್ಕೆ ಕಾಣುತ್ತವೆ: ಬೆನಿಫಿಷಿಯರಿ ಮತ್ತು ಆಪರೇಟರ್. ಬೆನಿಫಿಷಿಯರಿ ಅಂದರೆ ಫಲಾನುಭವಿ, ಸಾರ್ವಜನಿಕರಿಗೆ ಇರುವುದು ಅದೇ. ಆಪರೇಟರ್ ಇರುವುದು ಆಸ್ಪತ್ರೆಯ ಆರೋಗ್ಯಮಿತ್ರರಿಗೆ, ನೋಂದಣಿ ಮಾಡುವ ಕೇಂದ್ರದವರಿಗೆ. ಅವಸರದಲ್ಲಿ ಆಪರೇಟರ್ ಒತ್ತಿ ನಂಬರ್ ಹಾಕಿದರೆ ಒಳಗೆ ಬಿಡಲ್ಲ. ಎಷ್ಟು ಸಲ ಹಾಕಿದರೂ ಅಷ್ಟೇ. "ಲಾಗಿನ್ನೇ ಆಗ್ತಿಲ್ಲ" ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಎರಡನೆಯದು ವಿಳಾಸ. ಗೂಗಲ್‌ನಲ್ಲಿ "ಆಯುಷ್ಮಾನ್ ಕಾರ್ಡ್" ಅಂತ ಹುಡುಕಿದರೆ ಸರ್ಕಾರದ್ದೇ ಅನ್ನಿಸುವ ಎಷ್ಟೋ ಖಾಸಗಿ ಪುಟಗಳು ಬರುತ್ತವೆ. ಅಸಲಿ ಪುಟದ ವಿಳಾಸ 'ಗವ್ ಡಾಟ್ ಇನ್' ಅಂತ ಮುಗಿಯುತ್ತದೆ. ಬೇರೆ ಯಾವುದಾದರೂ ಪುಟ ಆಧಾರ್ ನಂಬರ್ ಕೇಳಿದರೆ ಅಲ್ಲಿಗೇ ಮುಚ್ಚಿಬಿಡುವುದು ಒಳ್ಳೆಯದು.

ಎರಡು ಒಟಿಪಿ, ಎರಡು ಬೇರೆ ಕೆಲಸ

ಅರ್ಧಕ್ಕರ್ಧ ಗೊಂದಲ ಇರುವುದು ಇಲ್ಲೇ. ಕಾರ್ಡ್ ಕೈಗೆ ಬರುವ ಮುಂಚೆ ಎರಡು ಕಡೆ ಒಟಿಪಿ ಕೇಳುತ್ತದೆ.

ಮೊದಲನೆಯದು ಲಾಗಿನ್ ಒಟಿಪಿ. ಇದಕ್ಕೆ ಯಾವ ಮೊಬೈಲ್ ನಂಬರ್ ಆದರೂ ನಡೆಯುತ್ತದೆ. ಅಪ್ಪನ ಕಾರ್ಡ್ ಮಾಡಲು ಮಗನ ನಂಬರ್, ಅಜ್ಜಿಯ ಕಾರ್ಡ್‌ಗೆ ಪಕ್ಕದ ಮನೆಯವರ ನಂಬರ್, ಯಾವುದಾದರೂ ಸರಿ. ಒಳಗೆ ಹೋದ ಮೇಲೆ ಯೋಜನೆ, ರಾಜ್ಯ, ಜಿಲ್ಲೆ ಆರಿಸಿ ಆಧಾರ್ ನಂಬರ್ ಅಥವಾ ಕುಟುಂಬದ ಸಂಖ್ಯೆ ಹಾಕಿ ಹುಡುಕಬೇಕು. ಮನೆಯವರ ಪಟ್ಟಿ ಬರುತ್ತದೆ.

ಎರಡನೆಯದು ಆಧಾರ್ ಒಟಿಪಿ. ಪಟ್ಟಿಯಲ್ಲಿ ಹೆಸರಿನ ಎದುರು ಇ-ಕೆವೈಸಿ ಮಾಡುವಾಗ ಬರುತ್ತದೆ. ಇದು ಆ ವ್ಯಕ್ತಿಯ ಆಧಾರ್‌ಗೆ ಜೋಡಿಸಿರುವ ಮೊಬೈಲ್‌ಗೆ ಮಾತ್ರ ಹೋಗುತ್ತದೆ. ಲಾಗಿನ್ ಮಾಡಿದ ನಂಬರ್‌ಗೆ ಬರಲ್ಲ. "ಈಗ ತಾನೆ ಈ ಫೋನಿಗೆ ಒಟಿಪಿ ಬಂತು, ಈಗ ಯಾಕೆ ಬರ್ತಿಲ್ಲ?" ಅನ್ನುವ ಪ್ರಶ್ನೆಗೆ ಉತ್ತರ ಇದು. ಪರದೆಯ ಮೇಲೆ ಒಟಿಪಿಗೆ ಎರಡು ಖಾನೆ ಕಂಡರೆ ಆಧಾರ್‌ನಿಂದ ಬಂದದ್ದು ಯಾವುದು, ಪೋರ್ಟಲ್‌ನಿಂದ ಬಂದದ್ದು ಯಾವುದು ಅಂತ ಮೆಸೇಜ್ ಪೂರ್ತಿ ಓದಿ ಹಾಕಬೇಕು. ಅದಲು ಬದಲಾದರೆ ಎರಡೂ ತಪ್ಪು ಅನ್ನುತ್ತದೆ.

ಒಟಿಪಿ ಬರದಿದ್ದರೆ ಒಂದೊಂದಾಗಿ ನೋಡಿ

1. ಒಂದೆರಡು ನಿಮಿಷ ಕಾಯಿರಿ. ಬರಲಿಲ್ಲ ಅಂತ ಮತ್ತೆ ಮತ್ತೆ 'ರೀಸೆಂಡ್' ಒತ್ತಿದರೆ ಮೂರು ನಾಲ್ಕು ಒಟಿಪಿ ಒಟ್ಟಿಗೆ ಬಂದು ಬೀಳುತ್ತವೆ. ಕೊನೆಯಲ್ಲಿ ಬಂದದ್ದನ್ನೇ ಹಾಕಬೇಕು.

2. ಫೋನ್‌ನಲ್ಲಿ ಮೆಸೇಜ್ ಜಾಗ ತುಂಬಿದೆಯಾ ನೋಡಿ. ಕೀಪ್ಯಾಡ್ ಫೋನ್‌ಗಳಲ್ಲಿ ಇದು ಮಾಮೂಲು. ಹಳೆಯ ಮೆಸೇಜ್ ಅಳಿಸಿದ ತಕ್ಷಣ ಬರುತ್ತದೆ.

3. ಸ್ಮಾರ್ಟ್ ಫೋನ್ ಆದರೆ ಸ್ಪ್ಯಾಮ್ ಫೋಲ್ಡರ್ ನೋಡಿ, ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ.

4. ಆ ಸಿಮ್ ಚಾಲ್ತಿಯಲ್ಲಿದೆಯಾ ಅಂತ ಬೇರೆ ಫೋನ್‌ನಿಂದ ಕರೆ ಮಾಡಿ ನೋಡಿ. ರೀಚಾರ್ಜ್ ಮುಗಿದು ತಿಂಗಳುಗಟ್ಟಲೆ ಬಿಟ್ಟಿದ್ದರೆ ಸಿಮ್ ಬಂದ್ ಆಗಿರಬಹುದು. ಪ್ರೀಪೇಯ್ಡ್ ನಂಬರ್ 90 ದಿನ ಯಾವ ಬಳಕೆಯೂ ಇಲ್ಲದೆ ಬಿದ್ದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು, ಮುಂದೆ ಬೇರೆಯವರಿಗೂ ಕೊಡಬಹುದು. ಆಗ ನಿಮ್ಮ ಆಧಾರ್ ಒಟಿಪಿ ಗುರುತು ಪರಿಚಯ ಇಲ್ಲದವರ ಫೋನಿಗೆ ಹೋಗುತ್ತದೆ.

5. ಎಲ್ಲ ಸರಿಯಿದ್ದೂ ಬರದಿದ್ದರೆ ಆಧಾರ್‌ಗೆ ಬೇರೆ ನಂಬರ್ ಜೋಡಣೆಯಾಗಿದೆ ಅಂತಲೇ ಲೆಕ್ಕ.

ಆಧಾರ್‌ಗೆ ಯಾವ ನಂಬರ್ ಇದೆ?

ಹತ್ತು ವರ್ಷದ ಹಿಂದೆ ಆಧಾರ್ ಮಾಡಿಸುವಾಗ ಯಾವ ನಂಬರ್ ಕೊಟ್ಟಿದ್ದೆವು ಅಂತ ಯಾರಿಗೆ ನೆನಪಿರುತ್ತದೆ? ಕೆಲವರು ಅಂಗಡಿಯವರ ನಂಬರ್ ಕೊಟ್ಟಿರುತ್ತಾರೆ, ಕೆಲವರು ಕೊಟ್ಟೇ ಇರಲ್ಲ. ಇದನ್ನು ತಿಳಿಯಲು ಸುಲಭ ದಾರಿ ಇದೆ. ಮೈಆಧಾರ್ ವೆಬ್‌ಸೈಟ್‌ನಲ್ಲಿ 'ಚೆಕ್ ಆಧಾರ್ ವ್ಯಾಲಿಡಿಟಿ' ಅನ್ನುವ ಜಾಗಕ್ಕೆ ಹೋಗಿ ಆಧಾರ್ ನಂಬರ್ ಹಾಕಿದರೆ, ಜೋಡಿಸಿರುವ ಮೊಬೈಲ್‌ನ ಕೊನೆಯ ಮೂರು ಅಂಕಿ ತೋರಿಸುತ್ತದೆ. ಇದಕ್ಕೆ ಲಾಗಿನ್ ಬೇಡ, ಒಟಿಪಿಯೂ ಬೇಡ. ಮೂರು ಅಂಕಿ ಕಂಡರೆ ಮನೆಯಲ್ಲಿ ಯಾರ ನಂಬರ್ ಅಂತ ಹೊಳೆಯುತ್ತದೆ.

ನಂಬರ್ ಕಳೆದುಹೋಗಿದ್ದರೆ ಆಧಾರ್ ಸೇವಾ ಕೇಂದ್ರಕ್ಕೆ ಆಧಾರ್ ಕಾರ್ಡ್ ಹಿಡಿದು ಖುದ್ದು ಹೋದರೆ ಹೊಸ ನಂಬರ್ ಜೋಡಿಸುತ್ತಾರೆ. ಮೊಬೈಲ್ ನಂಬರ್ ಬದಲಾವಣೆಗೆ ಬೇರೆ ದಾಖಲೆ ಕೇಳುವುದಿಲ್ಲ. 2025ರ ಅಕ್ಟೋಬರ್‌ನಿಂದ ಇದಕ್ಕೆ 75 ರೂಪಾಯಿ ಶುಲ್ಕ. ರಸೀದಿ ಕೇಳಿ ಪಡೆಯಬೇಕು. ಓಡಾಡಲು ಆಗದ ಹಿರಿಯರಿದ್ದರೆ ಅಂಚೆ ಕಚೇರಿಯಲ್ಲಿ ವಿಚಾರಿಸಿ, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ನಂಬರ್ ಜೋಡಿಸುವ ಸೇವೆ ಇದೆ. ಆಧಾರ್ ಸಹಾಯವಾಣಿ 1947.

ಹೊಸ ನಂಬರ್ ಅವತ್ತೇ ಜಾರಿಗೆ ಬರುತ್ತದೆ ಅಂತ ನಂಬಿ ಕೂರುವಂತಿಲ್ಲ, ಕೆಲವು ದಿನ ಹಿಡಿಯಬಹುದು. ಆಸ್ಪತ್ರೆಗೆ ಹೋಗುವ ದಿನ ಇದನ್ನು ಶುರು ಮಾಡಿದರೆ ಪ್ರಯೋಜನ ಇಲ್ಲ. ಮುಂಚೆಯೇ ಮಾಡಿಡಬೇಕು ಅನ್ನುವುದು ಇದಕ್ಕೇ.

ಮೊಬೈಲೇ ಇಲ್ಲದವರಿಗೆ

ಒಟಿಪಿ ಒಂದೇ ದಾರಿ ಅಲ್ಲ. ಬೆರಳಚ್ಚು, ಕಣ್ಣಿನ ಪಾಪೆ, ಮುಖ ಗುರುತು ಈ ಮೂರರಲ್ಲಿ ಯಾವುದರಿಂದಲಾದರೂ ಇ-ಕೆವೈಸಿ ಆಗುತ್ತದೆ. ಬೆರಳಚ್ಚಿನ ಯಂತ್ರ ಇರುವ ನೋಂದಣಿ ಕೇಂದ್ರದಲ್ಲಿ, ಯೋಜನೆಗೆ ಸೇರಿದ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಇದನ್ನು ಮಾಡಿಸಬಹುದು.

ಹೊಲದ ಕೆಲಸ, ಗಾರೆ ಕೆಲಸ, ಬೀಡಿ ಕಟ್ಟುವ ಕೆಲಸ ಮಾಡಿದವರ ಬೆರಳ ಗೆರೆ ಸವೆದಿರುತ್ತವೆ, ವಯಸ್ಸಾದವರದ್ದಂತೂ ಹೇಳುವುದೇ ಬೇಡ. ಕೈ ತೊಳೆದು ಒರೆಸಿಕೊಂಡು ಬೇರೆ ಬೇರೆ ಬೆರಳು ಇಟ್ಟು ನೋಡಬೇಕು. ಆಗಲೂ ಆಗದಿದ್ದರೆ ಮುಖ ಗುರುತು. ಆಯುಷ್ಮಾನ್ ಆ್ಯಪ್ ಜೊತೆಗೆ 'ಆಧಾರ್ ಫೇಸ್ ಆರ್‌ಡಿ' ಅನ್ನುವ ಆ್ಯಪ್ ಹಾಕಿಕೊಂಡರೆ ಆಂಡ್ರಾಯ್ಡ್ ಫೋನ್‌ನಲ್ಲೇ ಇದು ಸಾಧ್ಯ. ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಬೇಕು, ಕನ್ನಡಕ ತೆಗೆಸಬೇಕು, ಕಣ್ಣು ಮಿಟುಕಿಸಲು ಹೇಳಬೇಕು.

ಹಿಂದೆ ಯಾರಾದರೂ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಟ್ಟಿದ್ದರೆ ಬೆರಳೂ ನಡೆಯಲ್ಲ, ಮುಖವೂ ನಡೆಯಲ್ಲ. ಮೊದಲು ಲಾಕ್ ತೆಗೆಯಬೇಕು.

ಲಾಗಿನ್ ಆಯ್ತು, ಹೆಸರೇ ಸಿಗ್ತಿಲ್ಲ

ಇದು ಲಾಗಿನ್ ತೊಂದರೆಯಲ್ಲ, ದಾಖಲೆಯ ತೊಂದರೆ. ಹತ್ತು ಸಲ ಲಾಗಿನ್ ಮಾಡಿದರೂ ಸರಿಹೋಗಲ್ಲ. ರೇಷನ್ ಕಾರ್ಡ್‌ನಲ್ಲಿ ಆ ಸದಸ್ಯರ ಹೆಸರು ಇದೆಯಾ, ಆಧಾರ್ ಜೋಡಣೆ ಆಗಿದೆಯಾ ಅಂತ ಮೊದಲು ನ್ಯಾಯಬೆಲೆ ಅಂಗಡಿಯಲ್ಲಿ ಕೇಳಬೇಕು. ಮದುವೆಯಾಗಿ ಬಂದ ಸೊಸೆ, ಹೊಸದಾಗಿ ಹುಟ್ಟಿದ ಮಗು, ಬೇರೆ ಊರಿಂದ ಬಂದವರ ಹೆಸರುಗಳು ಸಾಮಾನ್ಯವಾಗಿ ಬಿಟ್ಟುಹೋಗಿರುತ್ತವೆ. ಅದನ್ನು ಸರಿಮಾಡಿಸುವುದು ತಾಲ್ಲೂಕು ಕಚೇರಿಯ ಆಹಾರ ಶಾಖೆಯ ಕೆಲಸ.

ಹೆಸರು ಸಿಕ್ಕಿ ಕೆವೈಸಿ ಮುಗಿದ ಮೇಲೂ 'ಪೆಂಡಿಂಗ್' ಅಂತ ತೋರಿಸಿದರೆ ಆಧಾರ್ ಮತ್ತು ರೇಷನ್ ಕಾರ್ಡ್ ವಿವರ ಸರಿಯಾಗಿ ಹೊಂದುತ್ತಿಲ್ಲ ಅಂತ ಅರ್ಥ. ಒಂದರಲ್ಲಿ 'ಲಕ್ಷ್ಮಮ್ಮ', ಇನ್ನೊಂದರಲ್ಲಿ 'ಲಕ್ಷ್ಮಿ' ಇದ್ದರೂ ಸಾಕು, ಅಧಿಕಾರಿಗಳ ಒಪ್ಪಿಗೆಗೆ ಹೋಗುತ್ತದೆ. ಮತ್ತೆ ಮತ್ತೆ ಅರ್ಜಿ ಹಾಕದೆ ಕೆಲವು ದಿನ ಬಿಟ್ಟು ಅದೇ ಪೋರ್ಟಲ್‌ನಲ್ಲಿ ನೋಡಿದರೆ ಸ್ಥಿತಿ ತಿಳಿಯುತ್ತದೆ.

ಪುಟವೇ ತೆರೆಯದೆ ಸುತ್ತುತ್ತಿದ್ದರೆ ಬೇರೆ ಬ್ರೌಸರ್‌ನಲ್ಲಿ ಅಥವಾ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ನೋಡಿ. ಹಗಲು ಹೊತ್ತು ದಟ್ಟಣೆ ಇದ್ದರೆ ಬೆಳಿಗ್ಗೆ ಬೇಗ ಅಥವಾ ರಾತ್ರಿ ಊಟದ ನಂತರ ಪ್ರಯತ್ನಿಸಬಹುದು. ಮಧ್ಯದಲ್ಲಿ ಎದ್ದು ಹೋದರೆ ಪೋರ್ಟಲ್ ತಾನಾಗಿಯೇ ಹೊರಗೆ ಹಾಕುತ್ತದೆ. ಆದ್ದರಿಂದ ಆಧಾರ್, ರೇಷನ್ ಕಾರ್ಡ್, ಎರಡೂ ಫೋನ್ ಪಕ್ಕದಲ್ಲಿಟ್ಟುಕೊಂಡೇ ಕೂರಬೇಕು.

ಒಟಿಪಿ ಕೇಳಿ ಫೋನ್ ಬಂದರೆ

"ನಿಮ್ಮ ಆಯುಷ್ಮಾನ್ ಕಾರ್ಡ್ ರದ್ದಾಗ್ತಿದೆ, ಒಟಿಪಿ ಹೇಳಿ" ಅಂತ ಕರೆ ಬಂದರೆ ಇಟ್ಟುಬಿಡಿ. ವಾಟ್ಸ್‌ಆ್ಯಪ್‌ನಲ್ಲಿ ಕಾರ್ಡ್ ಹೆಸರಿನ ಎಪಿಕೆ ಫೈಲ್ ಬಂದರೆ ಒತ್ತಲೇಬೇಡಿ, ಆ್ಯಪ್ ಏನಿದ್ದರೂ ಪ್ಲೇ ಸ್ಟೋರ್‌ನಿಂದ ಮಾತ್ರ. ಎದುರಿಗೆ ಕೂತು ಕಾರ್ಡ್ ಮಾಡಿಕೊಡುವವರಿಗೆ ಒಟಿಪಿ ಹೇಳಬೇಕಾಗುತ್ತದೆ, ಆಗಲೂ ಮೆಸೇಜ್‌ನಲ್ಲಿ ಯಾತಕ್ಕೆ ಬಂದ ಒಟಿಪಿ ಅಂತ ಒಮ್ಮೆ ಓದಿಸಿಕೊಂಡು ಹೇಳುವುದು ಕ್ಷೇಮ. ಬ್ಯಾಂಕಿನ ಒಟಿಪಿ ಆಗಿದ್ದರೆ ಕಾರ್ಡ್‌ಗೂ ಅದಕ್ಕೂ ಸಂಬಂಧವಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಅಂಗಡಿ ಮಾಲೀಕರಿಗೆ, ನೌಕರರಿಗೆ: ಇಎಸ್‌ಐ ಪಾಸ್‌ವರ್ಡ್

10 ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿ, ಹೋಟೆಲ್, ಶೋರೂಮ್‌ಗಳಿಗೆ ಇಎಸ್‌ಐ ಅನ್ವಯಿಸುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ನೌಕರರು ಇದರಲ್ಲಿ ಬರುತ್ತಾರೆ. ನೌಕರರಿಂದ ಸಂಬಳದ ಶೇ. 0.75, ಮಾಲೀಕರಿಂದ ಶೇ. 3.25. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ತಡವಾದರೆ ವರ್ಷಕ್ಕೆ ಶೇ. 12ರ ಬಡ್ಡಿ.

ತಾಲ್ಲೂಕು ಮಟ್ಟದ ಅಂಗಡಿಗಳಲ್ಲಿ ಈ ಪಾಸ್‌ವರ್ಡ್ ಮಾಲೀಕರ ಬಳಿ ಇರುವುದು ಕಡಿಮೆ, ಆಡಿಟರ್ ಹತ್ತಿರ ಇರುತ್ತದೆ. ನೋಂದಣಿ ಮಾಡುವಾಗ ಕೊಟ್ಟ ಮೊಬೈಲ್, ಇಮೇಲ್ ಕೂಡ ಅವರದ್ದೇ. ಆಡಿಟರ್ ಬದಲಾದ ದಿನ ಕೀಲಿಯೂ ಹೋಯ್ತು. 'ಫರ್ಗಾಟ್ ಪಾಸ್‌ವರ್ಡ್' ಒತ್ತಿದರೂ ಹೊಸ ಪಾಸ್‌ವರ್ಡಿನ ದಾರಿ ಹಳೆಯ ಆಡಿಟರ್ ಕಡೆಗೇ ಹೋಗುತ್ತದೆ. ಸಂಬಂಧ ಚೆನ್ನಾಗಿರುವಾಗಲೇ ಮೊಬೈಲ್ ಮತ್ತು ಇಮೇಲ್ ಅನ್ನು ಮಾಲೀಕರ ಹೆಸರಿಗೆ ಬದಲಿಸಿಕೊಳ್ಳುವುದು ಜಾಣತನ. ಕೈತಪ್ಪಿದ್ದರೆ ಅಂಗಡಿಯ ಲೆಟರ್‌ಹೆಡ್‌ನಲ್ಲಿ 17 ಅಂಕಿಯ ಎಂಪ್ಲಾಯರ್ ಕೋಡ್ ಬರೆದು, ಮಾಲೀಕರ ಗುರುತಿನ ದಾಖಲೆ ಸಮೇತ ಇಎಸ್‌ಐ ಕಚೇರಿಗೆ ಅರ್ಜಿ ಕೊಡಬೇಕು.

ನೌಕರರದ್ದೂ ಇದೇ ಕಥೆ. ಅವರ 10 ಅಂಕಿಯ ವಿಮಾ ಸಂಖ್ಯೆಗೆ ಮಾಲೀಕರ ಅಥವಾ ಸೂಪರ್‌ವೈಸರ್ ನಂಬರ್ ಹಾಕಿಬಿಟ್ಟಿರುತ್ತಾರೆ. ಕೆಲಸ ಬಿಟ್ಟ ಮೇಲೆ ಹುಡುಗರು ಪಾಸ್‌ವರ್ಡ್ ಬದಲಿಸಲಾಗದೆ ಒದ್ದಾಡುತ್ತಾರೆ. ಸೇರಿಸಿಕೊಳ್ಳುವಾಗಲೇ ನೌಕರರ ಸ್ವಂತ ನಂಬರ್ ಹಾಕಿಸುವುದು ಮಾಲೀಕರ ಜವಾಬ್ದಾರಿ. ಇಎಸ್‌ಐ ಸಹಾಯವಾಣಿ 1800 11 2526.

ಕಾರ್ಡ್ ಇಲ್ಲ ಅಂತ ಆಸ್ಪತ್ರೆಗೆ ಹೋಗದೆ ಇರಬೇಡಿ

ಇಷ್ಟೆಲ್ಲ ಓದಿದ ಮೇಲೂ ಲಾಗಿನ್ ಆಗದಿದ್ದರೆ, ಅಷ್ಟರಲ್ಲಿ ಮನೆಯಲ್ಲಿ ಕಾಯಿಲೆ ಬಂದರೆ, ವೆಬ್‌ಸೈಟ್ ಸರಿಹೋಗಲಿ ಅಂತ ಕಾಯುವುದು ಸರಿಯಲ್ಲ. ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ ಆರೋಗ್ಯಮಿತ್ರರನ್ನು ಕೇಳಬೇಕು. ಅವರ ಬಳಿ ಬೇರೆ ಲಾಗಿನ್ ಇದೆ, ಬೆರಳಚ್ಚಿನ ಯಂತ್ರ ಇದೆ. ಅಲ್ಲಿ ಸಿಗದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಪಡೆದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಆ ರೆಫರಲ್ ಪತ್ರವೂ ಬೇಡ, ನೇರವಾಗಿ ದಾಖಲಾಗಬಹುದು. ಮಾಹಿತಿಗೆ ರಾಜ್ಯದ ಆರೋಗ್ಯ ಸಹಾಯವಾಣಿ 104, ಆಯುಷ್ಮಾನ್ ಭಾರತ್ ಸಹಾಯವಾಣಿ 14555.

ಈ ಭಾನುವಾರ ಮಾಡಬಹುದಾದ ಕೆಲಸ

• ಮನೆಯ ಪ್ರತಿಯೊಬ್ಬರ ಆಧಾರ್‌ಗೆ ಯಾವ ಮೊಬೈಲ್ ಇದೆ ಅಂತ ಕೊನೆಯ ಮೂರು ಅಂಕಿ ನೋಡಿ ಒಂದು ಹಾಳೆಯಲ್ಲಿ ಬರೆದಿಡಿ.

• ಆ ಸಿಮ್‌ಗಳು ಚಾಲ್ತಿಯಲ್ಲಿವೆಯಾ ನೋಡಿ. ಅಪ್ಪ ಅಮ್ಮನ ಹಳೆಯ ಕೀಪ್ಯಾಡ್ ಫೋನ್ ಸಿಮ್ ಆದರೂ ಸರಿ, ರೀಚಾರ್ಜ್ ಬಿಡಬೇಡಿ.

• ಒಬ್ಬೊಬ್ಬರ ಕೆವೈಸಿ ಮುಗಿಸಿ ಕಾರ್ಡ್ ಡೌನ್‌ಲೋಡ್ ಮಾಡಿ. ಒಂದು ಪ್ರಿಂಟ್ ರೇಷನ್ ಕಾರ್ಡ್ ಜೊತೆ ಇಡಿ, ಇನ್ನೊಂದು ಪ್ರತಿ ದೂರದ ಊರಲ್ಲಿರುವ ಮಕ್ಕಳ ಫೋನಿಗೆ ಕಳಿಸಿ.

• ಪೆಂಡಿಂಗ್ ಇದ್ದರೆ ಯಾರದ್ದು, ಯಾವ ದಿನ ಹಾಕಿದ್ದು ಅಂತ ಅದೇ ಹಾಳೆಯಲ್ಲಿ ಗುರುತು ಮಾಡಿ.

ಆ ಹಾಳೆ ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ. ಕಾಯಿಲೆ ಬೀಳುವುದು ಎಲ್ಲವನ್ನೂ ನೆನಪಿಟ್ಟುಕೊಂಡವರೇ ಆಗಿರಬಹುದು.